‘ಬಾಗು’, ‘ತಿರುಗು’, ‘ವಾಲು’: ಮಂಡಿಗೆ ಯಾವುದು, ಪಾದಕ್ಕೆ ಯಾವುದು?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನಡೆಯಲಿರುವ ಮಂಡಿನೋವಿನ ಶಿಬಿರಕ್ಕೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮಂಡಿ ಸವೆದವರಲ್ಲಿ ಕಾಲು ಎಷ್ಟು ನೇರ ಇದೆ, ಪಾದ ನೆಲಕ್ಕೆ ಹೇಗೆ ಊರುತ್ತದೆ, ಇವೆರಡರ ನಂಟು ಏನು ಎನ್ನುವುದು ವಿಷಯ. ಒಂದೇ ಒಂದು ವಾಕ್ಯ ನಾಲ್ಕು ದಿನದಿಂದ ಕಾಡುತ್ತಿದೆ.

ಮೊದಲು ಹೀಗೆ ಬರೆದಿದ್ದೆ: ‘ಮಂಡಿ ಹೊರಕ್ಕೆ ಬಾಗಿದವರಲ್ಲಿ ಪಾದ ಒಳಕ್ಕೆ ತಿರುಗಿರುವುದು ಉಂಟು.’ ಮಲ್ಪೆಯ ದೊಡ್ಡಮ್ಮನಿಗೆ ಓದಲು ಕೊಟ್ಟೆ. ಅವರಿಗೆ ಎರಡೂ ಮಂಡಿ ಸವೆದು ಕಾಲು ಬಿಲ್ಲಿನ ಹಾಗೆ ಆಗಿದೆ. ಓದಿ ಹೇಳಿದರು: “ನನ್ನ ಮಂಡಿ ಬಾಗುವುದೇ ಇಲ್ಲ ಮಾರಾಯ್ತಿ, ಕಷ್ಟ ಅದೇ ಅಲ್ವಾ?” ಆಮೇಲೆ ಕಾಲು ನೋಡಿಕೊಂಡು, “ಪಾದ ಎಲ್ಲಿ ತಿರುಗಿದೆ? ಬೆರಳು ಸೀದಾ ಮುಂದೆಯೇ ಉಂಟಲ್ಲ” ಎಂದರು.

ಎರಡೂ ಸರಿಯಾದ ಮಾತು. ಮಂಡಿಯ ಜೊತೆ ‘ಬಾಗು’ ಬಂದರೆ ನಮಗೆ ತಟ್ಟನೆ ಹೊಳೆಯುವುದು ಮಡಚುವುದು. ಪಾದದ ಜೊತೆ ‘ತಿರುಗು’ ಬಂದರೆ ಬೆರಳು ಯಾವ ಕಡೆಗಿದೆ ಎನ್ನುವುದು. ನಾನು ಹೇಳಬೇಕಾದದ್ದು ಇವೆರಡೂ ಅಲ್ಲ.

ಬಿಲ್ಲುಗಾಲಿನಲ್ಲಿ ಮಂಡಿ ಹೊರಗೆ ಸರಿದಿರುತ್ತದೆ. ಮಂಡಿಯಿಂದ ಕೆಳಗಿನ ಎಲುಬು ಓರೆಯಾಗಿ, ಅದರ ಬುಡ ಒಳಗೆ ಬರುತ್ತದೆ. ನೇರ ಕಾಲಿನಲ್ಲೂ ನಡೆಯುವಾಗ ಮಂಡಿಯ ಒಳಮಗ್ಗುಲಿಗೇ ಭಾರ ಜಾಸ್ತಿ. ಕಾಲು ಬಿಲ್ಲಾದರೆ ಅದು ಇನ್ನೂ ಹೆಚ್ಚುತ್ತದೆ, ಅಲ್ಲೇ ಸವೆಯುತ್ತದೆ. ಈಗ ಪಾದ ನೋಡಿ. ಎಲುಬು ಓರೆಯಾದ ಮೇಲೆ ಪಾದ ತನ್ನ ಹೊರ ಅಂಚಿನ ಮೇಲೆ ನಿಲ್ಲಬೇಕಿತ್ತು. ಹಾಗೆ ನಿಂತರೆ ನಡೆಯುವುದು ಹೇಗೆ? ಅದಕ್ಕೆ ಹಿಮ್ಮಡಿಯ ಮೇಲಿನ ಕೀಲು ಸ್ವಲ್ಪ ಸಡಿಲ ಕೊಡುತ್ತದೆ. ಪಾದ ಒಳಮಗ್ಗುಲಿಗೆ ಇಳಿದು ಪೂರ್ತಿ ನೆಲಕ್ಕೆ ಊರುತ್ತದೆ, ಅಂಗಾಲಿನ ಕಮಾನು ತಗ್ಗುತ್ತದೆ. ಎಲ್ಲರಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಮೊದಲು ಕೆಟ್ಟದ್ದು ಮಂಡಿಯೋ ಪಾದವೋ ಎಂದು ಸುಮ್ನೆ ನೋಡಿ ಹೇಳಲಿಕ್ಕೂ ಆಗುವುದಿಲ್ಲ.

ಈ ಇಳಿಯುವಿಕೆಗೆ ನನಗೆ ‘ವಾಲು’ ಸರಿ ಕಾಣುತ್ತದೆ. ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಗೋಡೆ ವಾಲುತ್ತದೆ. ಮೂತಿ ಮುಂದೆಯೇ ಇರುತ್ತದೆ, ಮೈ ಮಾತ್ರ ಓರೆ. ವೈದ್ಯರ ‘ಪ್ರೊನೇಶನ್’ಗೆ ‘ಒಳವಾಲು’ ಎಂದರೆ ಹೇಗೆ? ದೊಡ್ಡಮ್ಮನ ಚಪ್ಪಲಿಯ ಒಳ ಅಂಚೇ ಸವೆದಿದೆ. ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ಕೆಂಪು ಸಿಮೆಂಟಿನ ನೆಲದ ಮೇಲೆ ನಡೆದರೆ ಇಡೀ ಅಂಗಾಲಿನ ಅಚ್ಚು ಬೀಳುತ್ತದೆ. ‘ಒಳವಾಲು’ ಅಂದಾಗ ಅವರು ಆ ಅಚ್ಚನ್ನೇ ತೋರಿಸಿದರು.

‘ವೇರಸ್’, ‘ವಾಲ್ಗಸ್’ ಎಂದೇ ಬರೆದುಬಿಡು ಎಂದು ಗೆಳತಿ ಹೇಳುತ್ತಾಳೆ. ಬೇಡ ಅನಿಸುತ್ತದೆ. ಹಳೆಯ ಲ್ಯಾಟಿನ್‌ನಲ್ಲಿ ವಾಲ್ಗಸ್ ಎಂದರೆ ಬಿಲ್ಲುಗಾಲು. ಈಗ ವೈದ್ಯರು ಅದನ್ನು ಮಂಡಿಗೆ ಮಂಡಿ ತಾಗುವ ಕಾಲಿಗೆ ಹೇಳುತ್ತಾರೆ, ಬಿಲ್ಲುಗಾಲು ವೇರಸ್ ಆಗಿದೆ. ಕಲಿತವರಿಗೇ ಅದಲುಬದಲಾಗುವ ಪದ ಅದು.

‘ಫುಟ್ ಪೋಶ್ಚರ್’ಗೆ ‘ಪಾದದ ಭಂಗಿ’ ಎಂದು ಹಾಕಿದ್ದೆ, ಈಗ ಅಳಿಸಿದ್ದೇನೆ. ಭಂಗಿ ಎಂದರೆ ಬೇಕೆಂದೇ ಮಾಡಿ ತೋರಿಸುವುದು, ಕುಣಿತದಲ್ಲೋ ಯೋಗದಲ್ಲೋ. ಪಾದವನ್ನು ಅಳೆಯುವಾಗ ಆರಾಮವಾಗಿ ನಿಲ್ಲಿಸುತ್ತಾರೆ. 6 ಗುರುತು ನೋಡಿ, ಒಂದೊಂದಕ್ಕೂ -2ರಿಂದ +2ರವರೆಗೆ ಅಂಕ ಕೊಡುತ್ತಾರೆ. ಮೊತ್ತ +12ರ ಕಡೆ ಹೋದಷ್ಟೂ ಒಳವಾಲು, -12ರ ಕಡೆ ಹೋದಷ್ಟೂ ಹೊರವಾಲು. ನಿಂತೇ ನೋಡುವುದರಿಂದ ‘ಪಾದದ ನಿಲುವು’ ಒಪ್ಪುತ್ತದೆ ಅಲ್ವಾ?

ಇಷ್ಟು ಚೌಕಾಸಿ ಯಾಕೆಂದರೆ, ಕರಪತ್ರದ ಕೊನೆಗೆ ಚಪ್ಪಲಿಯೊಳಗೆ ಇಡುವ ಬೆಣೆಯ ಮಾತು ಬರುತ್ತದೆ. ಒಳ ಅಂಚಿಗೋ ಹೊರ ಅಂಚಿಗೋ ಎನ್ನುವುದರ ಮೇಲೆ ಮಂಡಿಗೆ ಬೀಳುವ ಭಾರ ಬದಲಾಗುತ್ತದೆ. ಅದನ್ನು ವೈದ್ಯರೇ ನೋಡಿ ಹೇಳಬೇಕು. ನನ್ನ ಪದ ತಪ್ಪಿ ಯಾರಾದರೂ ತಾವೇ ತಪ್ಪು ಕಡೆ ಬಟ್ಟೆ ಮಡಚಿ ಇಟ್ಟುಕೊಂಡರೆ ನೋವು ಅವರಿಗೆ.

ವಾಕ್ಯ ಈಗ ಹೀಗಿದೆ: ‘ಬಿಲ್ಲುಗಾಲಿನವರಲ್ಲಿ ಪಾದ ಒಳಮಗ್ಗುಲಿಗೆ ವಾಲಿರುವುದು ಉಂಟು.’ ಇದು ನಿಮಗೆ ಹೇಗೆ ಕೇಳಿಸುತ್ತದೆ? ಇನ್ನೊಂದು, ಮಂಡಿಗೆ ಮಂಡಿ ತಾಗುವ ಕಾಲಿಗೆ ‘ಬಿಲ್ಲುಗಾಲು’ ಹಾಗೆ ಒಂದೇ ಪದ ನನಗೆ ಸಿಕ್ಕಿಲ್ಲ. ‘ಸೊಟ್ಟಗಾಲು’ ಬೇಡ, ಅದು ಬೈದ ಹಾಗೆ ಕೇಳಿಸುತ್ತದೆ. ಕುಂದಾಪುರದ ಕಡೆಯವರು, ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯುತ್ತೀರಾ?