ಟ್ರ್ಯಾಕ್ಟರಿನ ಇನ್‌ಲೈನ್ ಡೀಸೆಲ್ ಪಂಪಿನ ರ‍್ಯಾಕ್ ಜಾಮ್ ಆಗೈತಿ, ಹೆಂಗ ಬಿಡಿಸೂದು?

ಪ್ರಶ್ನೆ (ಮುಧೋಳ): ಕಬ್ಬಿನ ಹಂಗಾಮು ಮುಗಿದ ಮ್ಯಾಲೆ ನಿಲ್ಲಿಸಿದ ಹಳೇ ಟ್ರ್ಯಾಕ್ಟರ್. ಸ್ಟಾಪ್ ಕೇಬಲ್ ಎಳೆದರ ರ‍್ಯಾಕ್ (ಎಂಜಿನ್ನಿಗೆ ಹೋಗೋ ಡೀಸೆಲ್ ಹೆಚ್ಚು-ಕಡಿಮಿ ಮಾಡೋ ಸರಳು) ಮಿಸುಕವಲ್ದು.

ಉತ್ತರ: ಮೊದಲ ಕೇಬಲ್ ಬಿಚ್ಚಿ ನೋಡ್ರಿ, ಭಾಳ ಸಲ ತುಕ್ಕು ಅದಕ್ಕ ಹಿಡಿದಿರತೈತಿ. ಅಲ್ಲಂದ್ರ ಪಂಪಿನ ಬಾಜೂ ಪ್ಲೇಟ್ ತಗೀರಿ. ಹಳೇ ಡೀಸೆಲ್ ಒಣಗಿ ಪ್ಲಂಜರಿಗೆ (ಡೀಸೆಲ್ ಒತ್ತಿ ಕಳಸೋ ಸಣ್ಣ ಪಿಸ್ಟನ್) ಜೇನಿನ ಬಣ್ಣದ ಅಂಟು ಕೂತಿರತೈತಿ. ತುಕ್ಕು ಬಿಡಿಸೋ ಎಣ್ಣಿ ಹಾಕಿ ಒಂದು ರಾತ್ರಿ ಬಿಟ್ಟು, ರ‍್ಯಾಕನ್ನ ಬೆರಳಿಂದ ಹಿಂದ-ಮುಂದ ಆಡಸ್ರಿ. ಸುತ್ತಿಗಿ ಮುಟ್ಟಬ್ಯಾಡ್ರಿ, ರ‍್ಯಾಕ್ ಬಾಗಿದರ ಪೂರ್ತಿ ಪಂಪ್ ಬಿಚ್ಚಬೇಕು.

ಇನ್ನೊಂದು ಉತ್ತರ: ರ‍್ಯಾಕ್ ಸಡಿಲಾಗೋತನಕ ಸೆಲ್ಫ್ ಹೊಡೀಲೇಬ್ಯಾಡ್ರಿ. ಫುಲ್ ಡೀಸೆಲ್‌ನ್ಯಾಗ ಸಿಕ್ಕಿದ್ದರ ಎಂಜಿನ್ ಹಿಡತಕ್ಕ ಸಿಗೂದಿಲ್ಲ. ಮೊದಲ ಸಲ ಚಾಲೂ ಮಾಡುವಾಗ ಏರ್ ಇನ್‌ಟೇಕ್ ಮುಚ್ಚಾಕ ಸಪಾಟ ಹಲಗಿ ತಯಾರಿರಲಿ, ಅಂಗೈ ಒಡ್ಡಬ್ಯಾಡ್ರಿ.

ಮತ್ತೊಂದು: ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಗುಳ್ಳಿ ನಿಲ್ಲೋತನಕ ಡೀಸೆಲ್ ಪೈಪಿನ್ಯಾಗಿನ ಏರ್ ತಗೀರಿ.