ಸಹಾಯ ಬೇಕು: ‘ಗನ್‌ಸ್ಮೋಕ್’ ಮೊದಲ ಕಂತು, ಜಾನ್ ವೇನ್ ಮಾತಿನ ಸಮೇತ

ನಮಸ್ಕಾರ. ‘ಗನ್‌ಸ್ಮೋಕ್’ ಅನ್ನೋ ಅಮೆರಿಕದ ಕೌಬಾಯ್ ಟಿವಿ ಧಾರಾವಾಹಿಯ ಮೊಟ್ಟಮೊದಲ ಕಂತು ಯಾರ ಹತ್ತಿರವಾದರೂ ಪೂರ್ತಿ ಇದೆಯಾ? 1955ರ ಸೆಪ್ಟೆಂಬರ್ 10ರಂದು ಅಲ್ಲಿನ ಸಿಬಿಎಸ್ ವಾಹಿನಿಯಲ್ಲಿ ಬಂದದ್ದು, ಅರ್ಧ ಗಂಟೆಯ ಕಪ್ಪು-ಬಿಳುಪು ಕಂತು. ನನಗೆ ಸಿಕ್ಕ ಪ್ರತಿ ನೇರ ಕಥೆಯಿಂದಲೇ ಶುರುವಾಗುತ್ತದೆ. ಅದಕ್ಕೂ ಮೊದಲು ಹಾಲಿವುಡ್ ನಟ ಜಾನ್ ವೇನ್ ಬಂದು ಹೀರೋ ಪಾತ್ರ ಮಾಡಿರುವ ಜೇಮ್ಸ್ ಆರ್ನೆಸ್‌ನನ್ನು ಪರಿಚಯಿಸುತ್ತಾರಲ್ಲ, ಆ ಭಾಗವೇ ಇಲ್ಲ!

ಕಥೆ ಗೊತ್ತಲ್ವಾ? ಡಾಡ್ಜ್ ಸಿಟಿಯ ಮಾರ್ಷಲ್ (ಕಾನೂನು ಕಾಯುವ ಅಧಿಕಾರಿ) ಮ್ಯಾಟ್ ಡಿಲನ್, ಅಂದ್ರೆ ಆರ್ನೆಸ್‌ನ ಪಾತ್ರ, ಮೊದಲ ಕಂತಿನಲ್ಲೇ ಗುಂಡೇಟು ತಿಂದು ಬೀಳುತ್ತಾನೆ. ಹೀರೋನನ್ನು ಹೀಗೆ ಪರಿಚಯಿಸೋಕೆ ಧೈರ್ಯ ಬೇಕು. ಎದುರಾಳಿ ಡ್ಯಾನ್ ಗ್ರ್ಯಾಟ್‌ನ ಕೈ ಬಲು ಚುರುಕು, ಆದರೆ ತೀರಾ ಹತ್ತಿರ ಬಂದರಷ್ಟೇ ಅವನ ಗುರಿ ತಪ್ಪೋದಿಲ್ಲ. ಅದಕ್ಕೇ ಎರಡನೇ ಸಲ ಡಿಲನ್ ದೂರದಲ್ಲೇ ನಿಲ್ಲುತ್ತಾನೆ.

ಪರಿಚಯದ ಭಾಗ ಇರುವ ಡಿವಿಡಿ ಸೆಟ್ ಯಾವುದು ಅಂತ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಪ್ಪನಿಗೆ ತೋರಿಸಬೇಕು. ಜಾನ್ ವೇನ್ ಅಂದ್ರೆ ಅವರಿಗೆ ಪ್ರಾಣ.