ಕ್ಯಾಂಡಿಯ ದರ್ಬಾರಿನಲ್ಲಿ ಯಾರಿಗೆ ಯಾವ ಕುರ್ಚಿ?

ಶ್ರೀಲಂಕೆಯ ಕ್ಯಾಂಡಿಯ ಅರಸೊತ್ತಿಗೆ 1815ರಲ್ಲೇ ಮುಗಿದುಹೋಗಿದ್ದರೂ, ಅಲ್ಲಿನ ಆಸ್ಥಾನದಲ್ಲಿ ಯಾರಿಗೆ ಯಾವ ಹುದ್ದೆ ಸಲ್ಲಬೇಕೆಂಬ ವಿಷಯದಲ್ಲಿ ನಮ್ಮ ಸಂಜೆಯ ಕೂಟದಲ್ಲಿ ಮೊನ್ನೆ ಕೈಕೈ ಮಿಲಾಯಿಸುವುದೊಂದು ಬಾಕಿಯಿತ್ತು. ಇತಿಹಾಸದ ಮೇಷ್ಟರು ಸಿಂಹಳದ ಅರಸರ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಹೆಸರಿಸತೊಡಗಿದ್ದೇ ತಡ, ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ರಾಯರು, ಎಲ್ಲಕ್ಕಿಂತ ಮೇಲಿನ ಕುರ್ಚಿ ಯಾವುದೋ ಅದು ತಮಗೇ ಮೀಸಲೆಂದು ಸಾರಿಬಿಟ್ಟರು.

“ಹಾಗಾದರೆ ನೀವು ಮಹಾ ಅಧಿಕಾರಂ ಆಗಬೇಕು. ಅರಸನನ್ನು ಬಿಟ್ಟರೆ ಅವನೇ. ಅವನು ಬೀದಿಗಿಳಿದರೆ ಮುಂದೆ ಆಳುಗಳು ಚಾವಟಿ ಬೀಸಿ ಚಟೀರೆನ್ನಿಸುತ್ತ ದಾರಿ ಬಿಡಿಸುತ್ತಿದ್ದರು,” ಎಂದರು ಮೇಷ್ಟರು.

ಸೇವೆಯುದ್ದಕ್ಕೂ ಇಲಾಖೆಯ ಜೀಪಿನ ಹಿಂದಿನ ಸೀಟಿನಲ್ಲೇ ಕುಳಿತು ಬಂದ ರಾಯರ ಮುಖ ಊರಗಲವಾಯಿತು. ಆದರೆ ಆ ಹುದ್ದೆಯಲ್ಲಿ ಒಬ್ಬರಲ್ಲ, ರಾಜ್ಯದ ಎರಡು ಭಾಗಗಳಾದ ಪಲ್ಲೇಗಂಪಹೆಗೊಬ್ಬ, ಉಡಗಂಪಹೆಗೊಬ್ಬ ಎಂದು ಇಬ್ಬರಿರುತ್ತಿದ್ದರೆಂದೂ, ಪಲ್ಲೇಗಂಪಹೆಯವನೇ ಮೊದಲನೆಯವನೆಂದೂ ಮೇಷ್ಟರು ಸೇರಿಸಿದಾಗ ಆ ಮುಖ ಅಷ್ಟೇ ಬೇಗ ಕುಗ್ಗಿತು.

“ಅರಸ ಮಹಾ ಜಾಣ. ಒಬ್ಬನೇ ಇದ್ದರೆ ಅವನ ಕಣ್ಣು ಸಿಂಹಾಸನದ ಮೇಲಿರುತ್ತದೆ, ಇಬ್ಬರಿದ್ದರೆ ಒಬ್ಬನ ಕಣ್ಣು ಇನ್ನೊಬ್ಬನ ಮೇಲೆಯೇ ಇರುತ್ತದೆ,” ಎಂದು ವಕೀಲರು ತೀರ್ಪು ಕೊಟ್ಟರು.

ರಾಯರು ಸಂಬಳದ ಪ್ರಶ್ನೆಯನ್ನೆತ್ತಿದರು. ಸಂಬಳವೆಂಬುದು ಇರಲಿಲ್ಲ, ಹುದ್ದೆಗೆ ಹೊಂದಿಕೊಂಡ ಭೂಮಿಯಿರುತ್ತಿತ್ತು, ಅದನ್ನು ಉಳುವವರ ದುಡಿಮೆಯಿರುತ್ತಿತ್ತು. ಮೇಲಾಗಿ ಹುದ್ದೆ ಅರಸನ ಮರ್ಜಿಗೆ ಬಿಟ್ಟದ್ದಾದ್ದರಿಂದ ಹೊಸ ವರ್ಷದ ಹೊತ್ತಿಗೆ ‘ದೆಕುಂ’ ಎಂಬ ಕಾಣಿಕೆಯನ್ನು ಒಪ್ಪಿಸಿ ಅದನ್ನು ಉಳಿಸಿಕೊಳ್ಳಬೇಕಾಗಿತ್ತು. ನೌಕರನಿಂದ ಸರಕಾರವೇ ಲಂಚ ತೆಗೆದುಕೊಳ್ಳುವ ಇಂಥ ವ್ಯವಸ್ಥೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ರಾಯರು ಹೌಹಾರಿದರು. ಸಭೆಯಲ್ಲಿ ಎಲ್ಲರೆದುರು ಕೊಟ್ಟರೆ ಅದು ಲಂಚವಾಗುವುದಿಲ್ಲವೆಂದು ವಕೀಲರು ಕಾನೂನು ಹೇಳಿದರು.

ಕಿರಾಣಿ ಅಂಗಡಿಯ ಶೆಟ್ಟರಿಗೆ ರಾಜ್ಯಭಾರದಲ್ಲಿ ಆಸಕ್ತಿಯಿರಲಿಲ್ಲ. ಪ್ರಾಂತ್ಯವಾಳುವ ದಿಸಾವನಾಗಲಿ, ರಾಜಧಾನಿಯ ಸುತ್ತಲಿನ ಸೀಮೆಗಳನ್ನು ನೋಡಿಕೊಳ್ಳುವ ರಟೆ ಮಹತ್ಮಯನಾಗಲಿ ಅವರಿಗೆ ರುಚಿಸಲಿಲ್ಲ. ಅರಮನೆಯೊಳಗಿನ ಹುದ್ದೆಗಳ ಮಾತು ಬಂದಾಗ ಮಾತ್ರ ಅವರು ನೆಟ್ಟಗೆ ಕುಳಿತರು. ಕ್ಯಾಂಡಿಯಲ್ಲಿ ಅರಸನ ಮೈಗೆ ಹತ್ತಿರದ ಕೆಲಸವೂ ದೊಡ್ಡ ಪದವಿಯೇ: ಉಡುಪಿಗೆ ಹಲುವಡನ ನಿಲಮೆ, ಊಟಕ್ಕೆ ಬತ್ವಡನ ನಿಲಮೆ, ಸ್ನಾನಕ್ಕೆ ದಿಯವಡನ ನಿಲಮೆ. ಇವರೆಲ್ಲ ಕುಲೀನ ಮನೆತನದವರೇ ಹೊರತು ನೀರು ಕಾಯಿಸುವ ಆಳುಗಳಲ್ಲ. ಶೆಟ್ಟರು ಹಿಂದೆಮುಂದೆ ನೋಡದೆ ಅಡುಗೆಮನೆಯನ್ನು ಆರಿಸಿಕೊಂಡರು.

“ಅರಸನಿಗೆ ಅಜೀರ್ಣವಾದ ದಿನ ಮೊದಲು ಕರೆಸುವುದು ನಿಮ್ಮನ್ನೇ; ವೈದ್ಯರ ಸರದಿ ಆಮೇಲೆ,” ಎಂದು ಡಾಕ್ಟರಮ್ಮ ಎಚ್ಚರಿಸಿದರು.

ಇದು ಬರೀ ತಮಾಷೆಯ ಮಾತಾಗಿರಲಿಲ್ಲ. 1660ರಲ್ಲಿ ಸೆರೆಸಿಕ್ಕಿ ಸುಮಾರು ಎರಡು ದಶಕ ಆ ನಾಡಿನಲ್ಲಿ ಕಳೆದ ಇಂಗ್ಲಿಷ್ ನಾವಿಕ ರಾಬರ್ಟ್ ನಾಕ್ಸ್, ಎರಡನೆಯ ರಾಜಸಿಂಹನ ದೊಡ್ಡ ಅಧಿಕಾರಿಗಳ ತಲೆಗಳು ಹೆಚ್ಚು ಕಾಲ ಹೆಗಲ ಮೇಲೆ ಉಳಿಯುತ್ತಿರಲಿಲ್ಲವೆಂದು ಬರೆದಿದ್ದಾನೆ. ಹಿಂದಿನವನ ಗತಿಯನ್ನು ಕಣ್ಣಾರೆ ಕಂಡವರೂ ಮತ್ತೆ ಅದೇ ಹುದ್ದೆಗೆ ಹಾತೊರೆಯುತ್ತಿದ್ದರಂತೆ. ಇದರಲ್ಲಿ ಆಶ್ಚರ್ಯಪಡುವಂಥದೇನೂ ನನಗೆ ಕಾಣಲಿಲ್ಲ. ರಾಯರು ಇಷ್ಟನ್ನು ಕೇಳಿದ ಮೇಲೂ ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟಿರಲಿಲ್ಲವಲ್ಲ.

ಅವರನ್ನು ಅಲುಗಾಡಿಸಿದ್ದು ಕೊನೆಯ ಅರಸನ ಕಾಲದ ಅಧಿಕಾರಂಗಳ ಕಥೆ. ಪಿಲಿಮತಲಾವೆ ಎಂಬ ಅಧಿಕಾರಂ, ತಾನು ಆಡಿಸಿದಂತೆ ಆಡುತ್ತಾನೆಂದು ನಂಬಿ, ಮಧುರೆಯ ಕಡೆಯ ನಾಯಕ್ಕರ್ ಮನೆತನದ ತರುಣನನ್ನು 1798ರಲ್ಲಿ ಪಟ್ಟಕ್ಕೆ ತಂದ. ಶ್ರೀ ವಿಕ್ರಮ ರಾಜಸಿಂಹನಾದ ಆ ತರುಣನೇ ಮುಂದೆ ಅವನ ತಲೆ ತೆಗೆಸಿದ. ನಂತರ ಬಂದ ಎಹೆಲೆಪೊಲ 1814ರಲ್ಲಿ ಬಂಡೆದ್ದು ಇಂಗ್ಲಿಷರನ್ನು ಸೇರಿಕೊಂಡಾಗ, ರಾಜಧಾನಿಯಲ್ಲಿ ಸಿಕ್ಕಿಬಿದ್ದಿದ್ದ ಅವನ ಹೆಂಡತಿ ಮಕ್ಕಳನ್ನು ಅರಸ ಕೊಲ್ಲಿಸಿದ. ಮೇಷ್ಟರು ಅದನ್ನು ಬೆಳೆಸದೆ ಮುಂದಕ್ಕೆ ಹೋದರು. 1815ರ ಮಾರ್ಚ್ 2ರಂದು ರಾಜ್ಯ ಇಂಗ್ಲಿಷರ ಪಾಲಾಯಿತು. ಅರಸ ವೆಲ್ಲೂರಿನ ಕೋಟೆಯ ಸೆರೆಯಾಳಾಗಿ 1832ರಲ್ಲಿ ತೀರಿಕೊಂಡ. ಸಿಂಹಾಸನ ತನಗೇ ಎಂದುಕೊಂಡಿದ್ದ ಎಹೆಲೆಪೊಲನಿಗೆ ಅದು ದಕ್ಕಲಿಲ್ಲ. ಮೊದಲ ಅಧಿಕಾರಂ ಪದವಿ ಮೊಲ್ಲಿಗೊಡನಿಗೆ ಹೋಯಿತು. ಎಹೆಲೆಪೊಲ ಮಾತ್ರ ಹುದ್ದೆ ಯಾವುದೂ ಬೇಡ, ತನ್ನನ್ನು ಬ್ರಿಟಿಷ್ ಸರಕಾರದ ಗೆಳೆಯನೆಂದು ಕರೆದರೆ ಸಾಕೆಂದ.

“ಗೆಳೆಯನನ್ನು ಅವರು ಹೇಗೆ ನೋಡಿಕೊಂಡರು?” ಎಂದು ಶೆಟ್ಟರು ಕೇಳಿದರು.

“ಮಾರಿಷಸ್ಸಿಗೆ ಗಡೀಪಾರು ಮಾಡಿದರು. 1829ರಲ್ಲಿ ಅಲ್ಲಿಯೇ ಸತ್ತ.”

ರಾಯರು ಸದ್ದಿಲ್ಲದೆ ರಾಜೀನಾಮೆ ಕೊಟ್ಟರು. ಆ ಪೈಕಿ ಈಗಲೂ ಉಳಿದಿರುವ ಹುದ್ದೆ ಯಾವುದಾದರೂ ಇದ್ದರೆ ಅದನ್ನೇ ಕೊಡಿರೆಂದು ಕೇಳಿಕೊಂಡರು. ಉಳಿದಿರುವುದು ಸ್ನಾನದ ನೀರಿನವನದು! ಸೇನೆ ಕಟ್ಟಿದವರು, ಗಡಿ ಕಾಯ್ದವರು, ಅರಸರನ್ನು ಏರಿಸಿ ಇಳಿಸಿದವರು ಹೇಳಹೆಸರಿಲ್ಲದೆ ಹೋದರೂ, ದಿಯವಡನ ನಿಲಮೆ ಇಂದಿಗೂ ಬುದ್ಧನ ದಂತಧಾತುವಿರುವ ದಳದಾ ಮಾಳಿಗಾವದ ಆಡಳಿತಗಾರ. ಹತ್ತು ವರ್ಷಕ್ಕೊಮ್ಮೆ ಆ ಸ್ಥಾನಕ್ಕೆ ಚುನಾವಣೆಯೂ ನಡೆಯುತ್ತದೆ. ಎಸಳ ಪೆರಹರದ ಮೆರವಣಿಗೆಯಲ್ಲಿ ಅವನು ಸೊಂಟಕ್ಕೆ ಗಜಗಟ್ಟಲೆ ಬಟ್ಟೆ ಸುತ್ತಿಕೊಂಡು, ಮೂಲೆಮೂಲೆಯಾದ ಟೋಪಿ ಧರಿಸಿ, ಅಷ್ಟು ಭಾರ ಹೊತ್ತವನು ಹೇಗೆ ನಡೆಯಬಹುದೋ ಹಾಗೆಯೇ ನಡೆಯುತ್ತಾನೆ. ಚುನಾವಣೆಯೆಂಬ ಮಾತು ಕಿವಿಗೆ ಬಿದ್ದೊಡನೆ ರಾಯರು ಅದನ್ನೂ ಕೈಬಿಟ್ಟರು.

“ಆನೆಯ ಮೇಲೆ ಅಂಕುಶ ಹಿಡಿದು ಬರುವ ಗಜನಾಯಕ ನಿಲಮೆಯಾಗುವಿರೋ?” ಎಂದು ಮೇಷ್ಟರು ಕೇಳಿದರು. “ಇಲ್ಲವೇ, ಅವನಿಗಿಂತ ಮುಂದೆ ಇನ್ನೊಂದು ಆನೆಯ ಮೇಲೆ ಪೆರಮುಣೆ ರಾಳ ಎಂಬವನು ಬರುತ್ತಾನೆ. ಅವನ ಕೈಯಲ್ಲಿರುವುದು ಲೇಕಂ ಮಿಟಿಯ: ಯಾವ ಭೂಮಿ ಯಾರದು, ಅದಕ್ಕೆ ಪ್ರತಿಯಾಗಿ ಅವರು ಯಾವ ಸೇವೆ ಸಲ್ಲಿಸಬೇಕು ಎಂಬುದನ್ನು ಬರೆದಿಟ್ಟ ದಾಖಲೆ.”

ರಾಯರು ಎದ್ದು ನಿಂತರು. ಪಹಣಿಯನ್ನು ಆನೆಯ ಮೇಲೆ ಕೂರಿಸಿ, ಅದರ ಹಿಂದೆ ಇಡೀ ಊರನ್ನು ನಡೆಸುವ ದೇಶವೊಂದು ಭೂಮಿಯ ಮೇಲಿದೆಯೆಂಬುದನ್ನು ಇಷ್ಟು ದಿನ ತಮ್ಮಿಂದ ಮುಚ್ಚಿಟ್ಟದ್ದಕ್ಕಾಗಿ ಅವರು ಮೇಷ್ಟರನ್ನು ತರಾಟೆಗೆ ತೆಗೆದುಕೊಂಡರು. ಆ ಹುದ್ದೆಗೆ ತಮ್ಮ ಹೆಸರನ್ನು ಬರೆದುಕೊಳ್ಳಬೇಕೆಂದೂ, ಆನೆ ಹೆಜ್ಜೆ ಇಡುವ ಮುನ್ನ ಆ ಕಡತದ ಪುಟಗಳನ್ನೆಲ್ಲ ಎಣಿಸಿ ಸಹಿ ಪಡೆಯದೆ ತಾವು ಹತ್ತುವುದಿಲ್ಲವೆಂದೂ ಕಟ್ಟುನಿಟ್ಟಾಗಿ ತಿಳಿಸಿದರು.